ಬಾಲಯೇಸುವಿನ ಬಲಗೈ

ಪ್ರೀತಿಯ ಮಗಳೇ,

ನೀನಿನ್ನೂ ಎದ್ದಿಲ್ಲ. ರಾತ್ರಿಯಿಡೀ ಸುರಿದ ಹಿಮ ಕಿಟಕಿಯ ಅಂಚಿನಲ್ಲಿ ಗೇಣೆತ್ತರ ನಿಂತಿದೆ. ಹೊರಗೆ ಒಂದಿಷ್ಟೂ ಸದ್ದಿಲ್ಲ. ಹೊಸ ಹಿಮದ ತುಂಬ ಗಾಳಿಯೇ ಇರುತ್ತದೆ, ಆ ಸಂದುಗಳೇ ಸದ್ದನ್ನು ನುಂಗಿಬಿಡುತ್ತವೆ ಎಂದು ನಿನ್ನ ಅಜ್ಜ ಹೇಳುತ್ತಿದ್ದರು. ಎದುರಿಗೆ ನಿಂತು ಹೇಳಹೊರಟರೆ ನನ್ನ ಮಾತು ತಡವರಿಸುತ್ತದೆ. ಅದಕ್ಕೇ ಕಾಗದ ಹಿಡಿದು ಕುಳಿತೆ.

ನಿನ್ನೆ ರಾತ್ರಿ ಎಲ್ಲರೂ ಕಂಬಳಿ ಹೊದ್ದು ನಮ್ಮ ಬಾಲ್ಯದ ಕ್ರಿಸ್‌ಮಸ್‌ಗಳ ಕಥೆ ಹೇಳುತ್ತಿದ್ದಾಗ ನೀನು ಗೋದಲಿಯ, ಅಂದರೆ ಯೇಸು ಹುಟ್ಟಿದ ದೃಶ್ಯದ ಬೊಂಬೆಗಳ, ಪೆಟ್ಟಿಗೆ ತೆರೆದು, "ಬಾಲಯೇಸುವಿನ ಬಲಗೈ ಮುರಿದವರು ಯಾರು?" ಎಂದು ಕೇಳಿದೆಯಲ್ಲ? ಮಾವ ಎಂದಿನಂತೆ "ನಾನೇ" ಎಂದ. ಎಲ್ಲರೂ ನಕ್ಕರು. ಕಂದಾ, ಅದನ್ನು ಮುರಿದವಳು ನಾನು.

ನನಗಾಗ ಎಂಟು ವರ್ಷ. ಡಿಸೆಂಬರ್ ಬಂತೆಂದರೆ ಮನೆಯಲ್ಲಿ ಗೋದಲಿ ಏಳುತ್ತಿತ್ತು: ಮೇರಿ, ಜೋಸೆಫ್, ಕುರುಬರು, ಎತ್ತು, ಕತ್ತೆ. ಲೂಕನ ಸುವಾರ್ತೆಯಲ್ಲಿ ಯೇಸು ಹುಟ್ಟಿದ ಕಥೆ ಓದಿದರೆ ಎತ್ತೂ ಸಿಗುವುದಿಲ್ಲ, ಕತ್ತೆಯೂ ಸಿಗುವುದಿಲ್ಲ. 1223ರಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸ್ ಇಟಲಿಯ ಗ್ರೆಚ್ಚೊ ಎಂಬಲ್ಲಿ ನಿಜವಾದ ಎತ್ತು, ಕತ್ತೆ, ಹುಲ್ಲು ತಂದಿರಿಸಿ ಕ್ರಿಸ್‌ಮಸ್ ರಾತ್ರಿಯ ಪೂಜೆ ಏರ್ಪಡಿಸಿದ್ದನ್ನು ಅಜ್ಜ ಪ್ರತಿವರ್ಷ ಹೇಳುತ್ತಿದ್ದರು. ನಾವು ಪ್ರತಿವರ್ಷ ಬಾಯಿಬಿಟ್ಟು ಕೇಳುತ್ತಿದ್ದೆವು.

ಮೇವಿನ ತೊಟ್ಟಿ ಮಾತ್ರ 24ರ ನಡುರಾತ್ರಿಯವರೆಗೆ ಖಾಲಿ. ಒಂದು ಒಳ್ಳೆಯ ಕೆಲಸ ಮಾಡಿದರೆ ಅದಕ್ಕೊಂದು ಹುಲ್ಲುಕಡ್ಡಿ ಹಾಕಬೇಕು. ಮಗು ಬರುವ ಹೊತ್ತಿಗೆ ಹಾಸಿಗೆ ಮೆತ್ತಗಾಗಿರಬೇಕು. ಮಗುವನ್ನು ಅಮ್ಮ ಬಿಳಿ ಕರವಸ್ತ್ರದಲ್ಲಿ ಸುತ್ತಿ ಬೀರುವಿನ ಮೇಲಿನ ಅರೆಯಲ್ಲಿ ಇಡುತ್ತಿದ್ದಳು. 23ರ ಮಧ್ಯಾಹ್ನ, ಒಂದೇ ಒಂದು ಸಲ ನೋಡಿ ಇಟ್ಟುಬಿಡೋಣವೆಂದು ಕುರ್ಚಿ ಹತ್ತಿದೆ. ಕೈಜಾರಿತು. ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಆ ಪುಟ್ಟ ಕೈ ಎಲ್ಲಿಗೆ ಚಿಮ್ಮಿತೋ, ಇಡೀ ಕೋಣೆ ತಡಕಿದರೂ ಸಿಗಲಿಲ್ಲ. ಕರವಸ್ತ್ರವನ್ನು ಮೊದಲಿನಂತೆಯೇ ಸುತ್ತಿ ಇಟ್ಟು ತಿರುಗಿದರೆ ಬಾಗಿಲಲ್ಲಿ ಅಣ್ಣ ನಿಂತಿದ್ದ.

ಮರುದಿನ ಹೀಗೆಯೇ ಹಿಮ. ದಾರಿ ಮುಚ್ಚಿಹೋಗಿ ಚರ್ಚಿಗೆ ಹೋಗಲಾಗಲಿಲ್ಲ. ಮನೆಯಲ್ಲೇ ಮೇಣದಬತ್ತಿ ಹಚ್ಚಿದೆವು, ಅಪ್ಪ ಸುವಾರ್ತೆ ಓದಿದರು. ಹನ್ನೆರಡು ಹೊಡೆಯಿತು. ಅಮ್ಮ ಕರವಸ್ತ್ರ ಬಿಚ್ಚಿದಳು. ಒಂದೊಂದೇ ಮಡಿಕೆ ತೆರೆಯುತ್ತಿದ್ದ ಅವಳ ಬೆರಳುಗಳು ನನಗೆ ಈಗಲೂ ಕಾಣುತ್ತವೆ. ಆಮೇಲೆ ಅವು ನಿಂತುಬಿಟ್ಟವು. ತಲೆಯೆತ್ತಿ ನಮ್ಮಿಬ್ಬರನ್ನೂ ನೋಡಿದಳು. ನನ್ನ ನಾಲಿಗೆ ಏಳಲಿಲ್ಲ.

"ನಾನೇ, ಅಮ್ಮ" ಎಂದ ಅಣ್ಣ. ಅವನಿಗೆ ಹತ್ತು ವರ್ಷ.

ಅಮ್ಮ ಬೈಯಲಿಲ್ಲ. ಮಗುವನ್ನು ಮಲಗಿಸಿ, ತೊಟ್ಟಿಯಿಂದಲೇ ನಾಲ್ಕು ಕಡ್ಡಿ ಎತ್ತಿ ಬಲಭುಜ ಮುಚ್ಚಿದಳು. ಅವಳಿಗೆ ನಿಜ ತಿಳಿದಿತ್ತೆಂದೇ ನನ್ನ ನಂಬಿಕೆ, ಏಕೆಂದರೆ ಆ ರಾತ್ರಿ ನಾನು ನಿದ್ದೆ ಹೋಗುವವರೆಗೂ ಪಕ್ಕದಲ್ಲಿ ಕುಳಿತು ತಲೆ ನೇವರಿಸಿದಳು. ಅಣ್ಣ ಒಮ್ಮೆಯೂ ಆ ಮಾತನ್ನು ಎತ್ತಿ ತೋರಿಸಲಿಲ್ಲ. ಜಗಳವಾಡಿದಾಗಲೂ ಇಲ್ಲ. ನಾನು ಹೇಳಬಹುದಾಗಿದ್ದ ಕ್ರಿಸ್‌ಮಸ್‌ಗಳು ಎಷ್ಟೋ ಬಂದವು, ಹೋದವು. ಅಪ್ಪ ಹೋದರು, ಅಮ್ಮನೂ ಹೋದಳು. ಅಣ್ಣನ "ನಾನೇ" ಮಾತ್ರ ಹಾಗೆಯೇ ಉಳಿಯಿತು.

ಇಂದು 24. ದಾರಿ ಮತ್ತೆ ಮುಚ್ಚಿದೆ. ಈ ರಾತ್ರಿ ಮಗುವನ್ನು ನೀನು ಮಲಗಿಸು. ಬಲಗಡೆಗೆ ಹುಲ್ಲು ತುಸು ಹೆಚ್ಚಿರಲಿ, ನಿನ್ನ ಅಜ್ಜಿ ಪ್ರತಿವರ್ಷ ಹಾಗೆಯೇ ಇಡುತ್ತಿದ್ದಳು.

ಕೆಳಗೆ ಮಾವ ಎದ್ದು ಬಾಗಿಲ ಮುಂದಿನ ಹಿಮ ತೆಗೆಯುತ್ತಿರುವ ಸದ್ದು ಕೇಳುತ್ತಿದೆ. ಕೋಟು ಹಾಕಿಕೊಂಡು ಅವನ ಬಳಿಗೆ ಹೋಗುತ್ತೇನೆ. ಎಲ್ಲರಿಗಿಂತ ಮೊದಲು ಅವನಿಗೆ ಹೇಳಬೇಕು.

ನಿನ್ನ,
ಅಮ್ಮ