ನಿರಿಗೆ ಯಾವ ಕಡೆಗಿದೆ ನೋಡು

ಮಡಿಕೇರಿ

ಪ್ರೀತಿಯ ತಂಗಿಗೆ,

ರಾಬರ್ಟ್ ಜಾರ್ಡನ್ ಅವರ ಕಾಲ್ಪನಿಕ ಲೋಕದ ಕಾದಂಬರಿಗಳಿಂದ ಅಮೆಜಾನ್ ಮಾಡಿದ 'ದಿ ವೀಲ್ ಆಫ್ ಟೈಮ್' ಸರಣಿಯನ್ನು ನೋಡಿದವರು ಏನೆಂದರು ಎಂಬುದರ ಮೇಲೆ ನೀನು ಬರೆದ ಲೇಖನವನ್ನು ಎರಡು ಸಲ ಓದಿದೆ. ಭಾಷೆ ತಿಳಿಯಾಗಿದೆ, ವಾಕ್ಯಗಳು ತೊಡರುವುದಿಲ್ಲ. ಆದರೆ ಮೂರನೆಯ ಪ್ಯಾರಾದಲ್ಲಿ "ಕೆಲವರು ಮೆಚ್ಚಿದರು, ಕೆಲವರು ತೆಗಳಿದರು, ಒಟ್ಟಿನಲ್ಲಿ ಮಿಶ್ರ ಪ್ರತಿಕ್ರಿಯೆ" ಎಂದು ಬರೆದು ಮುಂದೆ ಹೋಗಿಬಿಟ್ಟಿದ್ದೀಯ. ಲೇಖನ ಶುರುವಾಗಬೇಕಾದ ಜಾಗವೇ ಅದು. ಯಾವ ದೃಶ್ಯದಲ್ಲಿ ಜನ ಎರಡಾದರು? ಆ ದೃಶ್ಯ ಪುಸ್ತಕದಲ್ಲಿ ಯಾವ ಭಾರ ಹೊತ್ತಿತ್ತು? ತೆರೆಗೆ ಬಂದಾಗ ಆ ಭಾರ ಏನಾಯಿತು? ಈ ಮೂರಕ್ಕೆ ಉತ್ತರ ಸಿಗುವವರೆಗೆ ಬರೆಯಲು ಕೂರಬೇಡ.

ನಮ್ಮ ಕಡೆಯದೇ ಉದಾಹರಣೆ ತೆಗೆದುಕೋ. ಕಾವೇರಿಯ ಕಥೆಯನ್ನು ಯಾರೋ ಧಾರಾವಾಹಿ ಮಾಡಿದರು ಎಂದಿಟ್ಟುಕೊಳ್ಳೋಣ. ಅಗಸ್ತ್ಯರು, ಕಮಂಡಲ, ಬ್ರಹ್ಮಗಿರಿಯ ಮಂಜು ಎಲ್ಲ ಅಚ್ಚುಕಟ್ಟಾಗಿದೆ. ಬಲಮುರಿಯಲ್ಲಿ ನಿಂತ ಹೆಂಗಸರ ಸೀರೆಯ ನಿರಿಗೆ ಮಾತ್ರ ಕೊನೆಯವರೆಗೂ ಮುಂದೆಯೇ ಇದೆ. ಹೊರಗಿನವರಿಗೆ ಅದು ಕಣ್ಣಿಗೂ ಬೀಳುವುದಿಲ್ಲ. ಕೊಡಗಿನವರಿಗೆ ಕಥೆಯೇ ಕೈತಪ್ಪಿದ ಹಾಗಾಗುತ್ತದೆ. ನದಿಯಾಗಿ ಹರಿದ ಕಾವೇರಿಯ ರಭಸಕ್ಕೆ ನಿರಿಗೆ ಹಿಂದಕ್ಕೆ ಸರಿಯಿತು ಎನ್ನುತ್ತದೆ ಐತಿಹ್ಯ. ಕೊಡವತಿಯರು ಇಂದಿಗೂ ಸೀರೆ ಉಡುವುದು ಹಾಗೆಯೇ. ಅದೇ ಧಾರಾವಾಹಿಯಲ್ಲಿ ಅಗಸ್ತ್ಯರ ಆಶ್ರಮಕ್ಕೆ ಹೊಸ ಶಿಷ್ಯನೊಬ್ಬನನ್ನು ಸೇರಿಸಿ ನಾಲ್ಕು ಕಂತು ಓಡಿಸಿದರೂ ಇಲ್ಲಿ ದೊಡ್ಡ ತಕರಾರು ಬರಲಾರದು. ಬದಲಾವಣೆ ಎಷ್ಟು ದೊಡ್ಡದು ಎಂದು ಅಳೆಯುತ್ತ ಕೂರಬೇಡ. ಬದಲಾದ ವಸ್ತು ಏನನ್ನು ಹೊತ್ತಿತ್ತು ಎಂದು ಕೇಳು.

ಈಗ ಸರಣಿಗೆ ಬರೋಣ. ಮೊದಲು ಗಾತ್ರದ ಲೆಕ್ಕವನ್ನು ಓದುಗರಿಗೆ ಕೊಡಬೇಕು, ನಿನ್ನ ಲೇಖನದಲ್ಲಿ ಅದು ಇಲ್ಲವೇ ಇಲ್ಲ. ರಾಬರ್ಟ್ ಜಾರ್ಡನ್ ಅವರ ಮೊದಲ ಸಂಪುಟ ಬಂದದ್ದು 1990ರಲ್ಲಿ. ಅವರು 2007ರಲ್ಲಿ ತೀರಿಕೊಂಡ ಮೇಲೆ ಕೊನೆಯ 3 ಸಂಪುಟಗಳನ್ನು ಬ್ರ್ಯಾಂಡನ್ ಸ್ಯಾಂಡರ್ಸನ್ ಪೂರ್ತಿ ಮಾಡಿದರು. 14ನೆಯ ಸಂಪುಟ 2013ರಲ್ಲಿ ಬಂತು. ಮೊದಲ ಸಂಪುಟವೊಂದೇ 3 ಲಕ್ಷ ಪದಗಳನ್ನು ದಾಟುತ್ತದೆ. ಗಟ್ಟಿಯಾಗಿ ಓದಿ ಮುಗಿಸಲು ಸುಮಾರು 30 ಗಂಟೆ ಬೇಕು. ಸೀಸನ್ನಿಗೆ ಸಿಕ್ಕಿದ್ದು 8 ಕಂತು, ಅಂದರೆ ಸುಮಾರು 8 ಗಂಟೆ. ಆ ಲೆಕ್ಕದಲ್ಲಿ ಮುಕ್ಕಾಲು ಪಾಲು ಹೋಗಲೇಬೇಕು. ಹಾಗಾಗಿ "ಪುಸ್ತಕದಲ್ಲಿದ್ದದ್ದನ್ನು ಬಿಟ್ಟರು" ಎಂಬ ದೂರನ್ನು ಮಾತ್ರ ಎತ್ತಿ ಬರೆದರೆ ಏನೂ ಹೇಳಿದಂತಾಗುವುದಿಲ್ಲ. ಕತ್ತರಿ ಬೀಳದೆ ಉಳಿದದ್ದು ಏನು, ಇಲ್ಲದ್ದನ್ನು ತಂದು ಸೇರಿಸಿದ್ದು ಏನು, ಅದನ್ನು ನೋಡು.

ಕಥೆಯ ಮುಖ್ಯ ಪಾತ್ರಗಳಲ್ಲೊಬ್ಬನಾದ ಕಮ್ಮಾರ ಪೆರಿನ್ನನ ಹೆಂಡತಿಯ ವಿಷಯವನ್ನು ನೀನು ಒಂದೇ ಸಾಲಿನಲ್ಲಿ ಮುಗಿಸಿದ್ದೀಯ. ಅದಕ್ಕೆ ಒಂದು ಪ್ಯಾರಾ ಪೂರ್ತಿ ಬೇಕು. ಪುಸ್ತಕದಲ್ಲಿ ಅವನಿಗೆ ಆಗ ಮದುವೆಯೇ ಆಗಿಲ್ಲ. ತನ್ನ ಕೈಯ ಬಲದ ಬಗ್ಗೆ ಅವನಿಗಿರುವ ಅಂಜಿಕೆ ಮನಸ್ಸಿನೊಳಗೇ ನಡೆಯುತ್ತದೆ, ಕೊಡಲಿಯನ್ನು ಹಿಡಿಯಲೋ ಬಿಡಲೋ ಎಂಬ ತಾಕಲಾಟವಾಗಿ ಸಂಪುಟದಿಂದ ಸಂಪುಟಕ್ಕೆ ಬೆಳೆಯುತ್ತದೆ. ಕ್ಯಾಮೆರಾ ಮನಸ್ಸಿನೊಳಕ್ಕೆ ಹೋಗದು. ಒಳಗಿನದನ್ನು ಹೊರಗೆ ತರಲು ಸರಣಿ ಹೊಸ ಘಟನೆಯನ್ನು ಕಟ್ಟಿತು: ಮೊದಲ ಕಂತಿನಲ್ಲೇ ಮೃಗಮುಖದ ರಾಕ್ಷಸರಾದ ಟ್ರಾಲಕ್‌ಗಳ ದಾಳಿಯ ಗಲಿಬಿಲಿಯಲ್ಲಿ ಅವನ ಕೊಡಲಿ ಸ್ವಂತ ಹೆಂಡತಿಗೇ ಬೀಳುತ್ತದೆ. ಓದುಗರ ಸಿಟ್ಟಿಗೆ ಕಾರಣ ಮದುವೆಯೊಂದೇ ಅಲ್ಲ. ಇಷ್ಟು ದೊಡ್ಡ ಪೆಟ್ಟು ಮೊದಲ ಗಂಟೆಯಲ್ಲೇ ಬಿದ್ದರೆ ಮೆಲ್ಲಗೆ ಬೆಳೆಯಬೇಕಾದ ಅಂಜಿಕೆಗೆ ಜಾಗವಿರುವುದಿಲ್ಲ. ಗಂಡಸಿನ ದುಃಖಕ್ಕೆ ನೆಪವಾಗಿ ಒಬ್ಬ ಹೆಂಗಸು ಸಾಯುತ್ತಾಳೆ, ಅವಳು ಯಾರೆಂದು ನಮಗೆ ತಿಳಿಯುವ ಮುಂಚೆಯೇ. ಪುಸ್ತಕ ಓದದವರಿಗೆ ಆ ಕ್ಷಣದಲ್ಲಿ ಎದೆ ಧಸಕ್ಕೆಂದಿತು, ಸರಿ. ಆಮೇಲೆ ಅವನು ಬಹುಪಾಲು ಮೌನವಾಗಿಯೇ ಇದ್ದಾಗ ಅವರಲ್ಲೂ ಹಲವರಿಗೆ ಬೇಸರವಾಯಿತು. ಎರಡು ಗುಂಪಿನವರೂ ಒಂದೇ ದೃಶ್ಯದ ಬಗ್ಗೆ ದೂರುತ್ತಿದ್ದಾರೆ, ಕಾರಣ ಮಾತ್ರ ಬೇರೆ ಬೇರೆ. ಇದನ್ನು ಬಿಡಿಸಿ ಹೇಳಿದರೆ ಸರಣಿ ನೋಡದ ನಮ್ಮೂರಿನ ಓದುಗರಿಗೂ ವಿಷಯ ತಲುಪುತ್ತದೆ.

ಇನ್ನೊಂದು ಕಡೆ ಬಿರುಕು ಬಿದ್ದದ್ದು 'ಡ್ರ್ಯಾಗನ್', ಅಂದರೆ ಲೋಕವನ್ನು ಉಳಿಸಲು ಇಲ್ಲವೇ ಕೆಡಿಸಲು ಮತ್ತೆ ಹುಟ್ಟಿಬಂದ ವ್ಯಕ್ತಿ, ಯಾರು ಎಂಬ ಒಗಟಿನಲ್ಲಿ. ಮೊದಲ ಸಂಪುಟದ ಬಹುಭಾಗ ನಾಯಕ ರ್ಯಾಂಡ್‌ನ ಕಣ್ಣಿನಿಂದಲೇ ನಡೆಯುತ್ತದೆ, ಓದುಗ ಅವನ ಹೆಗಲ ಮೇಲೆ ಕೂತೇ ಪಯಣ ಮಾಡುತ್ತಾನೆ. ಸರಣಿ ಅವನನ್ನು ಐದು ಜನರ ನಡುವೆ ಅಡಗಿಸಿ, ಹೆಣ್ಣುಮಕ್ಕಳೂ ಆಗಿರಬಹುದು ಎಂದು ಬಾಗಿಲು ತೆರೆದಿಟ್ಟಿತು. ಹೊಸಬರಿಗೆ ಕುತೂಹಲ ಸಿಕ್ಕಿತು. ಉತ್ತರ ಮೊದಲೇ ಗೊತ್ತಿದ್ದವರಿಗೆ ಕುತೂಹಲವೂ ಇಲ್ಲ, ನಾಯಕನೊಂದಿಗಿನ ಸಲಿಗೆಯೂ ಇಲ್ಲ.

ಇಬ್ಬರೂ ಒಪ್ಪಿದ ಕಡೆಯನ್ನೂ ಹುಡುಕು; ನಿನ್ನ ಲೇಖನದಲ್ಲಿ ಅದು ಸುಳಿದೇ ಇಲ್ಲ. 2025ರ ಮೂರನೆಯ ಸೀಸನ್ನಿನ ನಾಲ್ಕನೆಯ ಕಂತು, ರುಯ್ಡಿಯನ್ ಎಂಬ ಮರುಭೂಮಿಯ ನಗರದ್ದು. ರ್ಯಾಂಡ್ ಗಾಜಿನ ಕಂಬಗಳ ನಡುವೆ ನಡೆಯುತ್ತ ತನ್ನ ಹಿರೀಕರ ಬದುಕನ್ನು ಕಾಣುತ್ತಾನೆ, ಪ್ರತಿ ನೋಟದಲ್ಲೂ ಇನ್ನಷ್ಟು ಹಿಂದಿನ ತಲೆಮಾರು. ಈಟಿ ಹಿಡಿದು ಬದುಕುವ ಐಯೆಲ್ ಜನ ಒಂದು ಕಾಲಕ್ಕೆ ಯಾರ ಮೇಲೂ ಕೈ ಎತ್ತದ ವ್ರತ ಹಿಡಿದವರು ಎಂಬ ಗುಟ್ಟು ಹಾಗೆ ಹಿಂದೆ ಹಿಂದೆ ಹೋಗುತ್ತಲೇ ಬಿಚ್ಚಿಕೊಳ್ಳುತ್ತದೆ. ಸರಣಿ ಇಲ್ಲಿ ತನ್ನದೇ ಉಪಾಯ ಮಾಡಿತು: ಆ ಹಿರೀಕರನ್ನೆಲ್ಲ ರ್ಯಾಂಡ್ ಪಾತ್ರದ ನಟನೇ ಬೇರೆ ಬೇರೆ ವೇಷದಲ್ಲಿ ಆಡಿದ. ಹಿಂದಕ್ಕೆ ನಡೆಯುವ ಕ್ರಮವನ್ನು ಮಾತ್ರ ಮುಟ್ಟಲಿಲ್ಲ. ಭಾರ ಹೊತ್ತದ್ದು ಆ ಕ್ರಮವೇ, ನಿರಿಗೆ ಇರಬೇಕಾದ ಕಡೆಗೇ ಇತ್ತು. ಗುರುಕಾರೋಣರಿಗೆ, ಅಂದರೆ ಕುಲದ ಹಿರೀಕರಿಗೆ, ಮೀದಿ (ಎಡೆ) ಇಡುವ ಮನೆಗಳ ಓದುಗರಿಗೆ ಈ ದೃಶ್ಯವನ್ನು ಎರಡು ಮಾತಿನಲ್ಲಿ ಅರ್ಥ ಮಾಡಿಸಬಹುದು. ಹೋಲಿಕೆಯನ್ನು ಒಂದು ಸಲ ಮಾತ್ರ ಬಳಸು, ಎಳೆದರೆ ಹರಿಯುತ್ತದೆ.

ಅಭಿಪ್ರಾಯ ಕಲೆಹಾಕುವ ರೀತಿಯಲ್ಲೂ ತಪ್ಪಾಗಿದೆ. ನೀನು ಕೊಟ್ಟಿರುವ ಸರಾಸರಿ ಅಂಕಿಯನ್ನು ತೆಗೆದುಬಿಡು. ನೂರರಲ್ಲಿ ಐವತ್ತು ಜನ 10 ಕೊಟ್ಟು ಐವತ್ತು ಜನ 1 ಕೊಟ್ಟರೆ ಸರಾಸರಿ 5.5. ನೂರು ಜನರೂ 'ಪರವಾಗಿಲ್ಲ' ಎಂದು 5, 6 ಕೊಟ್ಟರೂ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಮೊದಲನೆಯದು ಜಗಳ, ಎರಡನೆಯದು ಆಕಳಿಕೆ. ಯಾವ ಅಂಕಕ್ಕೆ ಎಷ್ಟು ಮಂದಿ ಎಂಬ ಹಂಚಿಕೆ ನೋಡಬೇಕು. ವಿಮರ್ಶೆಗಳನ್ನು ಒಟ್ಟುಗೂಡಿಸುವ ಜಾಲತಾಣ ರಾಟನ್ ಟೊಮ್ಯಾಟೋಸ್‌ನ ಶೇಕಡಾ ಅಂಕಿ ಇನ್ನೂ ಬೇರೆ: ಎಷ್ಟು ವಿಮರ್ಶಕರು ಒಳ್ಳೆಯದೆಂದರು ಎಂಬುದನ್ನು ಅದು ಹೇಳುತ್ತದೆ, ಎಷ್ಟು ಒಳ್ಳೆಯದೆಂದರು ಎಂಬುದನ್ನಲ್ಲ. ತಾರೀಖನ್ನೂ ಗುರುತು ಹಾಕಿಕೋ. ಮೊದಲ ಸೀಸನ್ 2021ರ ನವೆಂಬರ್ 19ರಂದು ಶುರುವಾದಾಗ ಒಂದೇ ದಿನ 3 ಕಂತು ಬಂದವು, ಉಳಿದವು ವಾರಕ್ಕೊಂದು. ಆ ವಾರದ ಮಾತೆಲ್ಲ 3 ಕಂತಿನ ಮೇಲಿನ ಮಾತು. 2022ರಲ್ಲಿ ಅಮೆಜಾನಿನದೇ ಇನ್ನೊಂದು ಸರಣಿ 'ದಿ ರಿಂಗ್ಸ್ ಆಫ್ ಪವರ್' ಬಂದಾಗ ಅಂಕ ಕೆಡಿಸುವವರ ದಾಳಿಗೆ ತಡೆಯೊಡ್ಡಲು ಅಮೆಜಾನ್ ತನ್ನಲ್ಲಿ ನೋಡುಗರ ವಿಮರ್ಶೆಗಳನ್ನು 72 ಗಂಟೆ ತಡೆಹಿಡಿದಿತ್ತು. ಕಂತು ನೋಡದೆಯೇ ಅಂಕ ಹಾಕುವವರು ಇದ್ದೇ ಇರುತ್ತಾರೆ.

ಒಂದು ನೋಟ್‌ಬುಕ್ಕಿನಲ್ಲಿ ಐದು ಕಾಲಂ ಎಳೆ: ಪುಸ್ತಕ ಎಷ್ಟು ಓದಿದ್ದಾರೆ, ಎಷ್ಟು ಕಂತು ನೋಡಿದ್ದಾರೆ, ಡಬ್ಬಿಂಗೋ ಸಬ್‌ಟೈಟಲ್ಲೋ, ಯಾವ ದೃಶ್ಯವನ್ನು ಹೆಸರಿಸಿದರು, ಏನೆಂದರು. ನಾಲ್ಕನೆಯ ಕಾಲಂ ಖಾಲಿ ಇರುವ ಅಭಿಪ್ರಾಯವನ್ನು ಲೇಖನಕ್ಕೆ ಬಳಸಬೇಡ. "ಬೋರು", "ಸೂಪರ್" ಎಂಬ ಮಾತಿನಿಂದ ಬರಹಗಾರನಿಗೆ ಸಿಗುವುದು ಏನೂ ಇಲ್ಲ. ವಿರಾಜಪೇಟೆ, ಸೋಮವಾರಪೇಟೆಯಲ್ಲಿ ನಿನಗೆ ಗೊತ್ತಿರುವ ಹತ್ತು ಜನರನ್ನು ಕೂರಿಸಿ ದೃಶ್ಯ ಹಿಡಿದು ಕೇಳಿದರೆ, ಎಲ್ಲಿಂದಲೋ ಎತ್ತಿದ ಇನ್ನೂರು ಸಾಲಿಗಿಂತ ಹೆಚ್ಚು ತಿಳಿಯುತ್ತದೆ. ಹೆಸರು ಹಾಕುವುದಾದರೆ ಅವರನ್ನು ಕೇಳಿ ಹಾಕು. ಮಳೆಗಾಲದಲ್ಲಿ ಕರೆಂಟು ಹೋಗಿ ಅರ್ಧಕ್ಕೇ ಬಿಟ್ಟವರನ್ನು ಬೇಸತ್ತು ಬಿಟ್ಟವರ ಲೆಕ್ಕಕ್ಕೆ ಸೇರಿಸಬೇಡ.

ತಪ್ಪು ಹೊರಿಸುವ ಮುಂಚೆ ತಯಾರಿಕೆಯಲ್ಲಿ ಏನಾಯಿತು ಎಂಬುದನ್ನೂ ತಿಳಿದುಕೋ. ಮೊದಲ ಸೀಸನ್ನಿನ ಚಿತ್ರೀಕರಣ 2020ರಲ್ಲಿ ಕೋವಿಡ್‌ನಿಂದ ನಿಂತಿತು. ಆ ಐವರಲ್ಲಿ ಒಬ್ಬನಾದ ಮ್ಯಾಟ್ ಪಾತ್ರದ ನಟ ಮಧ್ಯದಲ್ಲೇ ಬಿಟ್ಟುಹೋದದ್ದರಿಂದ ಕೊನೆಯ ಎರಡು ಕಂತುಗಳ ಕಥೆಯನ್ನು ಅವನಿಲ್ಲದೆ ತಿದ್ದಿ ಬರೆಯಬೇಕಾಯಿತು. ಆ ಪಾತ್ರ ಕೊನೆಗೆ ಹಿಂದೆ ಉಳಿದದ್ದಕ್ಕೆ ಕಾರಣ ಅದು, ಪುಸ್ತಕದ ಮೇಲಿನ ಅಸಡ್ಡೆ ಅಲ್ಲ. ಹಕ್ಕಿನ ಪ್ರಶ್ನೆಯೂ ಹೀಗೆಯೇ: 'ರಿಂಗ್ಸ್ ಆಫ್ ಪವರ್' ತಂಡಕ್ಕೆ ಟೋಲ್ಕಿನ್ನರ 'ಸಿಲ್ಮರಿಲಿಯನ್' ಬಳಸುವ ಹಕ್ಕಿರಲಿಲ್ಲ, ಸಾವಿರಾರು ವರ್ಷದ ಕಥೆಗೆ ಮುಖ್ಯವಾಗಿ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಪುಸ್ತಕದ ಅನುಬಂಧಗಳನ್ನೇ ನೆಚ್ಚಬೇಕಾಯಿತು. ಕಾರಣ ಹೇಳುವುದೆಂದರೆ ಮನ್ನಿಸುವುದಲ್ಲ. ದೃಶ್ಯ ಸೋತಿದ್ದರೆ ಸೋತಿದೆ ಎಂದೇ ಬರೆ.

ನಿನ್ನ ಕೊನೆಯ ಸಾಲು, "ಜನ ತಿರಸ್ಕರಿಸಿದ್ದರಿಂದ 2025ರ ಮೇ ತಿಂಗಳಲ್ಲಿ ಸರಣಿ ನಿಂತಿತು", ಹೊಡೆದುಹಾಕು. ನಿಂತದ್ದು ನಿಜ, 24 ಕಂತಿಗೆ. ಆದರೆ ವಿಮರ್ಶಕರು ಹೆಚ್ಚು ಮೆಚ್ಚಿದ ಸೀಸನ್ ಆದಮೇಲೆಯೇ ನಿಂತಿತು. ಖರ್ಚಿಗೆ ತಕ್ಕಷ್ಟು ಮಂದಿ ನೋಡಿದರೇ ಎಂಬುದು ಕಂಪನಿಯ ಲೆಕ್ಕ, ನೋಡಿದವರಿಗೆ ಏನನ್ನಿಸಿತು ಎಂಬುದು ನಿನ್ನ ಲೇಖನದ ವಿಷಯ. ಎರಡನ್ನೂ ಕಲಸಬೇಡ.

ಪುರವಣಿಯವರು ಕೊಟ್ಟಿರುವ 800 ಪದದಲ್ಲಿ ಪೆರಿನ್ನನಿಗೆ 250, ರುಯ್ಡಿಯನ್ನಿಗೆ 250 ಇಡು. ಒಗಟಿನ ವಿಷಯಕ್ಕೆ 100 ಸಾಕು. ಉಳಿದದ್ದರಲ್ಲಿ ಗಾತ್ರದ ಲೆಕ್ಕ ಮತ್ತು ನಮ್ಮೂರಿನವರ ಮಾತು. ನಾಲ್ಕನೆಯ ಸಂಪುಟ ನಿನ್ನಲ್ಲಿಲ್ಲ ಎಂದಿದ್ದೆಯಲ್ಲ, ಮಡಿಕೇರಿಗೆ ಬಂದಾಗ ಮನೆಗೆ ಬಂದು ಒಯ್ಯಿ. ರುಯ್ಡಿಯನ್ ಪ್ರಸಂಗವಿರುವ 25 ಮತ್ತು 26ನೆಯ ಅಧ್ಯಾಯಗಳನ್ನು ಒಂದೇ ಕೂರಿಕೆಯಲ್ಲಿ ಓದು, ಓದಿದ ರಾತ್ರಿಯೇ ಆ ಕಂತನ್ನು ಮತ್ತೊಮ್ಮೆ ನೋಡು.

ಪ್ರೀತಿಯಿಂದ,
ನಿನ್ನ ಅಕ್ಕ