ಮಂಜುವಿಗೆ: ಚಹಾ ಎಲೆ ಒಣಗಿಸಲು ಹೋಗಿ ಹುಟ್ಟಿದ ಫ್ಯಾನು

ಮಂಜು,

ನಿಮ್ಮ ಚಹಾ ಫ್ಯಾಕ್ಟರಿಯ ಹಳೇ ಡ್ರೈಯರ್ ಮೇಲಿನ ಎರಕದ ಫಲಕದ ಫೋಟೊ ನೋಡಿದೆ. ಈ 'ಸಿರೊಕ್ಕೊ' ಯಾರು ಮಾರಾಯ ಅಂತ ಕೇಳಿದ್ದೀಯ. ಮನುಷ್ಯನಲ್ಲ, ಸಹಾರಾ ಕಡೆಯಿಂದ ಬೀಸುವ ಬಿಸಿಗಾಳಿಯ ಹೆಸರು ಅದು. ಯಂತ್ರ ಮಾಡಿದವನು ಸ್ಯಾಮ್ಯುಯೆಲ್ ಕ್ಲೆಲಂಡ್ ಡೇವಿಡ್‌ಸನ್, ಐರ್ಲೆಂಡಿನ ಬೆಲ್‌ಫಾಸ್ಟ್ ಕಡೆಯವನು. ಇಪ್ಪತ್ತು ವರ್ಷದಿಂದ ಪೀಣ್ಯದಲ್ಲಿ ಫ್ಯಾನು, ಗಾಳಿ ಸಾಗಿಸುವ ಡಕ್ಟು ಅಂತಲೇ ಹೊಟ್ಟೆ ಹೊರೆಯುತ್ತಿರುವ ನನಗೆ ಅವನ ಕಥೆ ಹೇಳುವುದೆಂದರೆ ಖುಷಿ. ಫೋನಿನಲ್ಲಾದರೆ ನೀನು ಅರ್ಧಕ್ಕೇ ಇಟ್ಟುಬಿಡ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ಡೇವಿಡ್‌ಸನ್ ಹುಟ್ಟಿದ್ದು 1846ರಲ್ಲಿ. ಅಪ್ಪ ಅಸ್ಸಾಮಿನ ಕಾಚಾರ್ ಕಡೆ ಒಂದು ಚಹಾ ತೋಟದಲ್ಲಿ ಪಾಲು ತೆಗೆದುಕೊಂಡಿದ್ದ. 1864ರಲ್ಲಿ, ಹದಿನೇಳರ ವಯಸ್ಸಿಗೇ, ಮಗನನ್ನು ಹಡಗು ಹತ್ತಿಸಿ ಕಳಿಸಿದ. ಹುಡುಗ ಎರಡೇ ವರ್ಷದಲ್ಲಿ ತೋಟದ ಮ್ಯಾನೇಜರ್ ಆದ. ಆ ತೋಟಗಳಲ್ಲಿ ದುಡಿಯಲು ಛೋಟಾನಾಗಪುರದ ಕಡೆಯಿಂದೆಲ್ಲ ಜನರನ್ನು ಕರಾರಿಗೆ ಕಟ್ಟಿಹಾಕಿ ತರುತ್ತಿದ್ದರು. ಡೇವಿಡ್‌ಸನ್‌ನನ್ನು ಹೊಗಳಿ ಬರೆಯುವವರು ಆ ಜನರ ವಿಷಯ ಎತ್ತುವುದೇ ಕಡಿಮೆ. ಆದರೆ ಇವನು ಕುತೂಹಲದಿಂದ ನಿಂತು ನೋಡಿದ ಕೆಲಸವೆಲ್ಲ ಅವರ ಕೈಯದೇ.

ಆಗ ಚಹಾ ಮಾಡುತ್ತಿದ್ದದ್ದು ಪೂರ್ತಿ ಚೀನಾದ ಪದ್ಧತಿ. ಎಲೆ ಉಜ್ಜುವುದು ಕೈಯಲ್ಲಿ. ಒಣಗಿಸುವುದು ಇದ್ದಿಲ ಕೆಂಡದ ಮೇಲೆ, ಬಿದಿರಿನ ಬುಟ್ಟಿ, ತಟ್ಟೆಗಳಲ್ಲಿ. ಎಲೆಯ ಚೂರು ಕೆಂಡಕ್ಕೆ ಉದುರಿದರೆ ಹೊಗೆ, ಆ ಹೊಗೆ ಮತ್ತೆ ಎಲೆಗೇ. ಒಂದು ಬುಟ್ಟಿ ಸೀದರೆ ಪಕ್ಕದ್ದು ಹಸಿ. ಇದ್ದಿಲಿಗಾಗಿ ಕಾಡು ಬೇರೆ ಕಡಿಯಬೇಕು. ಚಹಾ ರುಚಿ ನೋಡುವ ನಿಮ್ಮ ಟೇಸ್ಟರ್ ಕೈಗೆ ಆ ಚಹಾ ಕೊಟ್ಟಿದ್ದರೆ ಲಾಟಿಗೆ ಲಾಟನ್ನೇ ವಾಪಸ್ ಕಳಿಸುತ್ತಿದ್ದನೋ ಏನೋ.

ಡೇವಿಡ್‌ಸನ್ ಮಾಡಿದ್ದು ಇಷ್ಟು. ಬೆಂಕಿಯನ್ನೂ ಎಲೆಯನ್ನೂ ಬೇರೆ ಮಾಡಿದ. ಸಕಲೇಶಪುರದ ಕಡೆ ಏಲಕ್ಕಿ ಒಣಗಿಸುವ ಕೋಣೆ ನೋಡಿದ್ದೀಯಲ್ಲ, ಹೊರಗೆ ಒಲೆ, ಒಳಗೆ ತಗಡಿನ ಕೊಳವೆ, ಹೊಗೆ ಕೊಳವೆಯಲ್ಲೇ ಹೋಗುತ್ತದೆ, ಕಾಯಿಗೆ ಶಾಖ ಮಾತ್ರ. ಅದೇ ತತ್ವ. ಒಲೆಯ ಕಬ್ಬಿಣಕ್ಕೆ ತಾಗಿ ಬಿಸಿಯಾದ ಶುದ್ಧ ಗಾಳಿ ಕೆಳಗಿನಿಂದ ಮೇಲಕ್ಕೆ, ಒಂದರ ಮೇಲೊಂದು ಇಟ್ಟ ಜಾಲರಿ ತಟ್ಟೆಗಳ ಮೂಲಕ ಏರುತ್ತದೆ. ಸೌದೆ, ಕಲ್ಲಿದ್ದಲು, ಯಾವುದನ್ನು ಉರಿಸಿದರೂ ವಾಸನೆ ಹತ್ತುವುದಿಲ್ಲ. 1877ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಮೊದಮೊದಲು ಬೆಲ್‌ಫಾಸ್ಟಿನ ಬೇರೆ ಕಾರ್ಖಾನೆಯಲ್ಲಿ ಮಾಡಿಸಿದ. ಆಮೇಲೆ 1881ರಲ್ಲಿ ಲಗಾನ್ ನದಿಯ ಪೂರ್ವ ದಡದಲ್ಲಿ, ಬೆರಳೆಣಿಕೆಯ ಜನರನ್ನು ಇಟ್ಟುಕೊಂಡು ಸ್ವಂತದ್ದೇ ಶುರು ಮಾಡಿದ. ಅದೇ ಸಿರೊಕ್ಕೊ ವರ್ಕ್ಸ್.

ಎಲೆ ಉಜ್ಜುವ ಯಂತ್ರದಲ್ಲಿ ಹೆಸರು ಮಾಡಿದವನು ಇನ್ನೊಬ್ಬ, ವಿಲಿಯಂ ಜಾಕ್ಸನ್. ಅವನ ಯಂತ್ರಗಳನ್ನು ಇಂಗ್ಲೆಂಡಿನ ಗೇನ್ಸ್‌ಬರೋ ಊರಿನ ಮಾರ್ಷಲ್ ಕಂಪನಿ ಮಾಡುತ್ತಿತ್ತು. ಉಗಿ ಎಂಜಿನ್‌ಗೆ ಹೆಸರಾದವರು ಅವರು. ಇಂಥವರೆಲ್ಲ ಸೇರಿ ಚೀನಾದ ಕೈಕೆಲಸಕ್ಕೆ ಮಾರುಕಟ್ಟೆಯೇ ಇಲ್ಲದ ಹಾಗೆ ಮಾಡಿದರು. 1870ರ ಹೊತ್ತಿಗೆ ಬ್ರಿಟನ್ ಕುಡಿಯುತ್ತಿದ್ದ ಚಹಾದಲ್ಲಿ ಹೆಚ್ಚಿನ ಪಾಲು ಚೀನಾದ್ದು. 1900ಕ್ಕೆ ಭಾರತ, ಸಿಲೋನ್‌ಗಳದ್ದೇ ಕಾರುಬಾರು. ಯಂತ್ರದಿಂದಲೇ ಹೀಗಾಯಿತು ಅನ್ನಲಾರೆ, ಸರ್ಕಾರದ ಒತ್ತಾಸೆ, ಅಗ್ಗದ ಕೂಲಿ, ಜಾಹೀರಾತು ಎಲ್ಲ ಇದ್ದವು.

ಈಗ ನನ್ನ ಇಷ್ಟದ ಭಾಗ. ಬಿಸಿಗಾಳಿ ತಾನಾಗಿಯೇ ಏರುತ್ತದೆ ನಿಜ, ಆದರೆ ಎಷ್ಟು ಅಂತ ಏರೀತು? ತಟ್ಟೆ ಜಾಸ್ತಿ ಮಾಡಿದರೆ, ಎಲೆ ದಪ್ಪ ಹಾಸಿದರೆ ಗಾಳಿ ಅಲ್ಲೇ ಉಸಿರು ಕಟ್ಟುತ್ತದೆ. ತಳ್ಳಬೇಕು ಇಲ್ಲ ಎಳೆಯಬೇಕು. ಅಂದರೆ ಫ್ಯಾನು ಬೇಕು. ಆ ಕಾಲದ ಸೆಂಟ್ರಿಫ್ಯೂಗಲ್ (ನಡುವಿನಿಂದ ಗಾಳಿ ಎಳೆದು ಅಂಚಿನಿಂದ ಹೊರಗೆಸೆಯುವ) ಫ್ಯಾನುಗಳಲ್ಲಿ ಬ್ಲೇಡು ಕೆಲವೇ ಕೆಲವು. ಶಾಫ್ಟ್ ಹತ್ತಿರದಿಂದ ಅಂಚಿನವರೆಗೆ ಉದ್ದುದ್ದ ಹಲಗೆ. ಕಲ್ಲಿದ್ದಲ ಗಣಿಗಳಲ್ಲಿದ್ದ ಗಿಬಾಲ್ ಫ್ಯಾನುಗಳಂತೂ 30 ಅಡಿ ವ್ಯಾಸ ಮೀರಿದ್ದವು, ಅವಕ್ಕೇ ಒಂದು ಕಟ್ಟಡ, ತಿರುಗಿಸಲು ಒಂದು ಉಗಿ ಎಂಜಿನ್.

ಡೇವಿಡ್‌ಸನ್ 1898ರ ಹೊತ್ತಿಗೆ ಇದನ್ನು ತಲೆಕೆಳಗು ಮಾಡಿದ. ನಡುವಿನ ಭಾಗದಲ್ಲಿ ಏನೂ ಬೇಡ, ಖಾಲಿ ಬಿಡು ಅಂದ. ಬ್ಲೇಡುಗಳನ್ನೆಲ್ಲ ಅಂಚಿಗೆ ಒಯ್ದ. ಒಂದೆರಡು ಇಂಚು ಆಳದ ಸಣ್ಣ ಪಟ್ಟಿಗಳು, ಸುತ್ತಲೂ ಒತ್ತೊತ್ತಾಗಿ, ಮಾಮೂಲಿ ಚಕ್ರಕ್ಕೆ 64. ಎಲ್ಲವೂ ತಿರುಗುವ ದಿಕ್ಕಿಗೇ ಮುಂದಕ್ಕೆ ಬಾಗಿದವು. ಗಾಳಿ ಒಳಬರುವ ಬಾಯಿ ದೊಡ್ಡದು, ಹೆಚ್ಚುಕಡಿಮೆ ಚಕ್ರದಷ್ಟೇ ಅಗಲ. ಬ್ಲೇಡು ಮುಂದಕ್ಕೆ ಬಾಗಿರುವುದರಿಂದ ಗಾಳಿ ಹೊರಬೀಳುವಾಗ ಬ್ಲೇಡಿನ ತುದಿಗಿಂತಲೂ ಜೋರಾಗಿ ಓಡುತ್ತದೆ. ಹಾಗಾಗಿ ಚಿಕ್ಕ ಚಕ್ರ, ಕಡಿಮೆ ವೇಗ, ಆದರೂ ರಾಶಿ ಗಾಳಿ. ಸದ್ದೂ ಕಮ್ಮಿ. ನಿನ್ನ ಕಾರಿನ ಎಸಿ ಬ್ಲೋವರ್ ಬಿಚ್ಚಿ ನೋಡು, ಇಲ್ಲ ಅಡುಗೆಮನೆ ಚಿಮಣಿಯೊಳಗೆ ಇಣುಕು. ಕಬ್ಬಿಣದ ಬದಲು ಪ್ಲಾಸ್ಟಿಕ್ಕೋ ಜಿಐ ತಗಡೋ ಇರಬಹುದು, ಚಕ್ರ ಇದೇ.

ಇದಕ್ಕೊಂದು ದುರ್ಗುಣವೂ ಇದೆ, ನಮ್ಮ ಲೈನಿನಲ್ಲಿ ಎಲ್ಲರಿಗೂ ಗೊತ್ತು. ಡಕ್ಟ್ ಜೋಡಿಸದೆ, ಡ್ಯಾಂಪರ್ (ಗಾಳಿ ಹೆಚ್ಚು ಕಮ್ಮಿ ಮಾಡುವ ಬಾಗಿಲು) ಪೂರ್ತಿ ತೆರೆದು ಸ್ಟಾರ್ಟ್ ಮಾಡಿದರೆ ಗಾಳಿ ಮಿತಿಮೀರಿ ಎಳೆದು ಮೋಟಾರು ಟ್ರಿಪ್ ಆಗುತ್ತದೆ. ಹೊಸ ಹುಡುಗರು ಹಾಗೇ ಮಾಡಿ ಬೈಸಿಕೊಳ್ತಾರೆ. ಧೂಳು ಜಾಸ್ತಿ ಇರುವ ಕಡೆ ಬ್ಲೇಡಿನ ಸಂದಿಯೆಲ್ಲ ಮೆತ್ತಿಕೊಳ್ಳುತ್ತದೆ, ಅಲ್ಲಿಗೆ ಇದು ತಕ್ಕದ್ದಲ್ಲ.

ಫ್ಯಾನು ಬಂದ ಮೇಲೆ ಚಹಾಯಂತ್ರದ ಕಾರ್ಖಾನೆಯ ಹಣೆಬರಹವೇ ಬೇರೆಯಾಯಿತು. ಗಣಿ, ಕಾರ್ಖಾನೆ, ಹಡಗು, ಎಲ್ಲ ಕಡೆಯಿಂದ ಆರ್ಡರು. ಅದೇ ಊರಿನ ಹಡಗುಕಟ್ಟೆಯಲ್ಲಿ ಕಟ್ಟಿದ ಟೈಟಾನಿಕ್‌ನಲ್ಲೂ ಸಿರೊಕ್ಕೊ ಫ್ಯಾನುಗಳಿದ್ದವು. ನನಗೆ ಹಡಗಿಗಿಂತ ಹೆಚ್ಚು ಹಿಡಿಸಿದ್ದು 1903ರಲ್ಲಿ ಬೆಲ್‌ಫಾಸ್ಟಿನಲ್ಲೇ ತೆರೆದ ರಾಯಲ್ ವಿಕ್ಟೋರಿಯಾ ಆಸ್ಪತ್ರೆ. ನೆಲದಡಿ ಇಟ್ಟಿಗೆಯ ದೊಡ್ಡ ಸುರಂಗ, ಅದರ ಬಾಯಲ್ಲಿ ಉಗಿಯಿಂದ ತಿರುಗುವ ಫ್ಯಾನುಗಳು. ಗಾಳಿ ಹಾಯುವ ದಾರಿಯಲ್ಲಿ ತೆಂಗಿನ ನಾರಿನ ಹಗ್ಗಗಳ ಪರದೆ, ಅದರ ಮೇಲೆ ಸದಾ ನೀರು. ಧೂಳು ಅಲ್ಲೇ ನಿಂತು, ತೇವ ಹಿಡಿದ ಗಾಳಿ ವಾರ್ಡುಗಳಿಗೆ ಹೋಗುತ್ತಿತ್ತು. ಏರ್ ಕಂಡಿಷನಿಂಗ್ ಚರಿತ್ರೆ ಬರೆಯುವವರು ಈ ಆಸ್ಪತ್ರೆಯನ್ನು ಬಿಟ್ಟು ಮುಂದೆ ಹೋಗುವುದಿಲ್ಲ.

ಆಮೇಲಿನದು ಅಷ್ಟು ಚೆಂದದ ಕಥೆಯಲ್ಲ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಯುದ್ಧನೌಕೆಗಳಲ್ಲಿ ಇದೇ ಫ್ಯಾನು. ಜರ್ಮನ್ ನೌಕೆಗಳಲ್ಲೂ ಇತ್ತು ಅಂತ ಹೇಳ್ತಾರೆ. ಯುದ್ಧಕ್ಕೆ ಮುಂಚೆ ಕೊಂಡಿದ್ದವರು ವಾಪಸ್ ಕೊಡುತ್ತಾರಾ? ಡೇವಿಡ್‌ಸನ್‌ನ ಮಗ ಜೇಮ್ಸ್ 1916ರ ಜುಲೈ 1ರಂದು, ಫ್ರಾನ್ಸಿನ ಸೊಮ್ ಕಾಳಗದ ಮೊದಲ ದಿನವೇ ಸತ್ತ. 1920ರ ಜುಲೈನಲ್ಲಿ ಬೆಲ್‌ಫಾಸ್ಟಿನ ಹಡಗುಕಟ್ಟೆಗಳಿಂದ ಕ್ಯಾಥೊಲಿಕ್ ಕೆಲಸಗಾರರನ್ನು ಹೊಡೆದು ಓಡಿಸಿದರು. ಆ ಗಲಭೆ ಸಿರೊಕ್ಕೊ ವರ್ಕ್ಸ್‌ಗೂ ಬಂತು. ಕಾರ್ಖಾನೆಯ ಪಕ್ಕದ ಶಾರ್ಟ್ ಸ್ಟ್ರ್ಯಾಂಡ್ ಕ್ಯಾಥೊಲಿಕ್ಕರದೇ ಕೇರಿ. ಬೆಳಿಗ್ಗೆ ಸೈರನ್ ಕೇಳಿಸುವಷ್ಟು ಹತ್ತಿರದ ಮನೆಯವರಿಗೇ ಗೇಟು ಮುಚ್ಚಿತು. ಮರುವರ್ಷ ಡೇವಿಡ್‌ಸನ್‌ಗೆ 'ಸರ್' ಪದವಿ ಬಂತು, ಕೆಲವೇ ವಾರಗಳಲ್ಲಿ ತೀರಿಕೊಂಡ.

ಕಂಪನಿ ಮಾತ್ರ ಇನ್ನೂ ಬಹಳ ಕಾಲ ನಡೆಯಿತು. 1988ರಲ್ಲಿ ಗ್ಲಾಸ್ಗೋದ ಹೌಡೆನ್ ಕಂಪನಿ ಕೊಂಡುಕೊಂಡಿತು. ಆಮೇಲೆ ಮುಚ್ಚಿತು, ಕಟ್ಟಡಗಳನ್ನು ಕೆಡವಿದರು, ನದಿ ದಂಡೆಯ ಆ ಜಾಗ ವರ್ಷಗಟ್ಟಲೆ ಖಾಲಿ ಬಿದ್ದಿತ್ತು.

ನಿಮ್ಮವರು ಎಫ್‌ಬಿಡಿ (ಫ್ಲೂಯಿಡೈಸ್ಡ್ ಬೆಡ್ ಡ್ರೈಯರ್, ಹೊಸ ಬಗೆಯ ಡ್ರೈಯರ್) ಹಾಕಿಸಿ ಹಳೇದನ್ನು ಗುಜರಿಗೆ ಕೊಡುವ ಮಾತಾಡುತ್ತಿದ್ದಾರೆ ಅಂದೆಯಲ್ಲ. ಅದಕ್ಕೆ ಮುಂಚೆ ಒಂದು ಕೆಲಸ ಮಾಡು. ಫಿಟ್ಟರ್‌ಗೆ ಹೇಳಿ ಫ್ಯಾನಿನ ಕೇಸಿಂಗ್ ಬಿಚ್ಚಿಸಿ ಚಕ್ರದ ವ್ಯಾಸ, ಅಗಲ ಅಳೆ, ಬ್ಲೇಡು ಎಣಿಸು. ಓಡುತ್ತಿರುವಾಗ ಡ್ಯಾಂಪರ್ ಅರ್ಧಕ್ಕೆ ಇಟ್ಟು ಒಮ್ಮೆ, ಪೂರ್ತಿ ತೆರೆದು ಒಮ್ಮೆ ಮೋಟಾರು ಎಳೆಯುವ ಕರೆಂಟು ಎಷ್ಟು ಆಂಪ್ಸ್ ಅಂತ ನೋಡಿ ಬರೆದು ಕಳಿಸು. ಪೂರ್ತಿ ತೆರೆಯುವಾಗ ನಿಧಾನ, ಟ್ರಿಪ್ ಆದರೆ ನನ್ನ ಹೆಸರು ಹೇಳಬೇಡ.

ನಿನ್ನ,
ಶ್ರೀಧರ