ಈಜಿ ಮೋಡ್ ಬಗ್ಗೆ ಎಲ್ಲರ ಗಮನಕ್ಕೆ

ಗೆಳೆಯರೇ, ನಮಸ್ಕಾರ. ಕಷ್ಟ ಇಲ್ಲದ ವಿಡಿಯೋ ಗೇಮ್ ಆಡೋದು, ಈಜಿ ಮೋಡ್‌ನಲ್ಲಿ ಅಂದರೆ ಕಷ್ಟ ತಗ್ಗಿಸಿಕೊಂಡು ಆಡೋದು ಟೈಮ್ ವೇಸ್ಟ್ ಅಂತ ನಿನ್ನೆಯಿಂದ ಗುಂಪಿನಲ್ಲಿ ಮಾತು ನಡೆದಿದೆ. ನಾನು ಇದನ್ನು ಒಪ್ಪುವುದಿಲ್ಲ.

2021ರ 'ಅನ್‌ಪ್ಯಾಕಿಂಗ್' ಗೇಮ್ ನೋಡಿ. ಮನೆ ಬದಲಿಸಿದಾಗ ರಟ್ಟಿನ ಪೆಟ್ಟಿಗೆ ಬಿಚ್ಚಿ ಸಾಮಾನು ಜೋಡಿಸುವುದು, ಅಷ್ಟೇ ಕೆಲಸ. ಶತ್ರುಗಳಿಲ್ಲ, ಟೈಮರ್ ಇಲ್ಲ. ಕಥೆ 2010ನೇ ಇಸವಿಗೆ ಬರುವ ಹಂತದಲ್ಲಿ, ನಾವು ಯಾರ ಸಾಮಾನು ಜೋಡಿಸುತ್ತೇವೋ ಆ ಹುಡುಗಿ ಬಾಯ್‌ಫ್ರೆಂಡ್ ಮನೆಗೆ ಬಂದಿರುತ್ತಾಳೆ. ಫ್ರೇಮ್ ಹಾಕಿಸಿದ ಅವಳ ಡಿಗ್ರಿ ಸರ್ಟಿಫಿಕೇಟಿಗೆ ಯಾವ ಗೋಡೆಯಲ್ಲೂ ಜಾಗ ಸಿಗುವುದಿಲ್ಲ. ಕೊನೆಗೆ ಮಂಚದ ಕೆಳಗೆ ತಳ್ಳಬೇಕು. ತಳ್ಳುವುದು ನಮ್ಮ ಕೈಯೇ ಅಲ್ವಾ, ಅದಕ್ಕೇ ಅಷ್ಟು ಚುಚ್ಚುತ್ತದೆ. ಆ ಸಂಬಂಧ ಹೇಗಿದೆ ಅಂತ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಕಷ್ಟದ ಗೇಮ್ ಬೇಡ ಅಂತಲ್ಲ. 2018ರ 'ಸೆಲೆಸ್ಟ್' ಬೆವರಿಳಿಸುತ್ತದೆ. ಬೆಟ್ಟ ಹತ್ತುವ ಆ ಕಥೆಗೆ ಕಷ್ಟ ಬೇಕೇ ಬೇಕು. ಆದರೂ ಮಾಡಿದವರೇ ಅದರಲ್ಲಿ ಅಸಿಸ್ಟ್ ಮೋಡ್ ಇಟ್ಟಿದ್ದಾರೆ. ವೇಗ ಇಳಿಸಬಹುದು, ಸಾಯದಂತೆಯೂ ಮಾಡಿಕೊಳ್ಳಬಹುದು. ಅವರಿಗೇ ಇಲ್ಲದ ತಕರಾರು ನಮಗ್ಯಾಕೆ?

ಹಾಗಾಗಿ ಈಜಿ ಮೋಡ್‌ನಲ್ಲಿ ಆಡಿದವರನ್ನು ದಯವಿಟ್ಟು ಯಾರೂ ಆಡಿಕೊಳ್ಳಬೇಡಿ. ಯಾರಾದರೂ ಸ್ಕ್ರೀನ್‌ಶಾಟ್ ಹಾಕಿದರೆ ಯಾವ ಮೋಡ್ ಅಂತ ಕೇಳುವ ಬದಲು, ಯಾವ ಭಾಗ ಹಿಡಿಸಿತು ಅಂತ ಕೇಳಿ. ಬಾಸ್ ಫೈಟ್ (ಗೇಮ್‌ನ ದೊಡ್ಡ ಶತ್ರುವಿನ ಜೊತೆಗಿನ ಕಾಳಗ) ವಿಡಿಯೋಗಳನ್ನು ಎಂದಿನಂತೆ ಹಾಕಬಹುದು.